ಒಂದೇ ಮದ್ದು, ನಾಲ್ಕು ರೈಫಲ್

(ತೀರ್ಥಹಳ್ಳಿಯಲ್ಲಿ ಅಡಿಕೆ ಬೆಳೆಗಾರರ ಮುಂದೆ ಮಾಡಿದ ಉಪನ್ಯಾಸದ ಬರಹ)

ಎಲ್ಲರಿಗೂ ನಮಸ್ಕಾರ. ಈ ಸಭೆಯಲ್ಲಿ ಕೋವಿ ಇರುವ ಮನೆಯವರೇ ಜಾಸ್ತಿ. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಕೊಟ್ಟು, ಆಮೇಲೆ ಬಿಡಿಸಿಕೊಂಡು ಬರುವ ಓಡಾಟ ನಿಮಗೆ ಗೊತ್ತೇ ಇದೆ. ಹಂದಿ, ಮಂಗಗಳು ಮಾತ್ರ ಚುನಾವಣೆ ನೋಡಿಕೊಂಡು ತೋಟಕ್ಕೆ ಇಳಿಯೋದಿಲ್ಲ. ಇರಲಿ.

ನಿಮ್ಮಲ್ಲಿ ಕೆಲವರು ಕೇಳಿದ್ದಿರಿ. ಅಮೆರಿಕಕ್ಕೆ ಹೋದ ನಮ್ಮ ಹುಡುಗರು ಖಾಲಿ ತೋಟೆಗೆ ಮನೆಯಲ್ಲೇ ಮದ್ದು ತುಂಬುತ್ತಾರಂತೆ, ನಾಲ್ಕು ರೈಫಲ್‌ಗೂ ಒಂದೇ ಡಬ್ಬಿ ಸಾಕಂತೆ, ಹೌದಾ ಅಂತ. ಅರ್ಧ ಹೌದು. ಅಲ್ಲಿ ಅದೊಂದು ಹವ್ಯಾಸ. ಇಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ, ಲೈಸೆನ್ಸ್ ಇಲ್ಲದೆ ತೋಟೆ ತಯಾರಿಸುವಂತಿಲ್ಲ. ಕೋವಿಯ ಲೈಸೆನ್ಸ್ ಇದೆ ಅಂದಮಾತ್ರಕ್ಕೆ ಆ ಹಕ್ಕು ಬರೋದಿಲ್ಲ. ಹಾಗಾಗಿ ನಾನು ಹೇಳುವುದು ಅದರ ವಿಜ್ಞಾನವನ್ನು ಮಾತ್ರ.

ನಳಿಗೆಯ ಬಾಯಿಂದ ಮದ್ದು ತುಂಬುವ ನಮ್ಮ ಕೇಪಿನ ಕೋವಿಗೆ ಹಾಕುವುದು ಕರಿಮದ್ದು. ನೂರಕ್ಕೆ 75 ಪಾಲು ಪೆಟ್ಲುಪ್ಪು, 15 ಇದ್ದಿಲು, 10 ಗಂಧಕ. ರೈಫಲ್ ತೋಟೆಯಲ್ಲಿರುವುದು ಬೇರೆ. ಅದು 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಮಾಡಿದ ಹೊಗೆಯಿಲ್ಲದ ಮದ್ದಿನ ವಂಶದ್ದು. ಮೂಲ ವಸ್ತು ನೈಟ್ರೋಸೆಲ್ಯುಲೋಸ್. ಇದು ಉರಿಯುವುದು ಮೇಲ್ಮೈಯಿಂದ ಒಳಗೆ. ಬಚ್ಚಲೊಲೆಗೆ ಒಣ ಸೋಗೆ ಹಾಕಿದರೆ ಭಗ್ ಅನ್ನುತ್ತೆ, ಹಲಸಿನ ಕುಂಟೆ ಹಾಕಿದರೆ ಬೆಳಗಿನ ತನಕ ಉರಿಯುತ್ತೆ, ಅಲ್ವಾ? ಮದ್ದಿನ ಕಾಳಿನ ಗಾತ್ರ, ಅದರ ನಡುವಿನ ತೂತು, ಮೇಲಿನ ಲೇಪ ಬದಲಿಸಿ ಕಾರ್ಖಾನೆಯವರು ಸೋಗೆಯನ್ನೂ ಮಾಡುತ್ತಾರೆ, ಕುಂಟೆಯನ್ನೂ ಮಾಡುತ್ತಾರೆ. ಯಾವ ತೋಟೆಗೆ ಯಾವ ವೇಗದ ಮದ್ದು ಅನ್ನುವುದೇ ಇಡೀ ವಿಷಯ.

ಅದಕ್ಕೆ ಚಂದದ ಉದಾಹರಣೆ ಒಂದಿದೆ. .308 ವಿಂಚೆಸ್ಟರ್ ಅನ್ನುವ ರೈಫಲ್ ತೋಟೆ (ಆ ಸಂಖ್ಯೆ ಗುಂಡಿನ ಅಗಲ, ಇಂಚಿನಲ್ಲಿ) 1952ರಲ್ಲಿ ಬಂತು. 1955ರಲ್ಲಿ ಅದೇ ತೋಟೆಯ ಕುತ್ತಿಗೆ ಕಿರಿದು ಮಾಡಿ .243 ಮಾಡಿದರು, ಅಗಲ ಮಾಡಿ .358 ಮಾಡಿದರು. ಹೊಟ್ಟೆ ಹೆಚ್ಚುಕಡಿಮೆ ಒಂದೇ, ಬಾಯಿ ಮೂರು ಥರ. .358ರ ಅಗಲ ನಳಿಗೆಯಲ್ಲಿ ಗುಂಡು ಸರಿದ ಹಾಗೆ ಜಾಗ ಬೇಗ ದೊಡ್ಡದಾಗುತ್ತೆ, ಒತ್ತಡ ಬೇಗ ಇಳಿಯುತ್ತೆ. ಆದ್ದರಿಂದ ಚುರುಕಾಗಿ ಉರಿಯುವ ಮದ್ದೂ ನಡೆಯುತ್ತೆ. .243ರಲ್ಲಿ ಅಷ್ಟೇ ಮದ್ದಿನ ಅನಿಲ ಸಣ್ಣ ತೂತಿನಲ್ಲಿ ಹೋಗಬೇಕು. 100 ಗ್ರೇನ್ (ಸುಮಾರು ಆರೂವರೆ ಗ್ರಾಂ) ತೂಕದ ಗುಂಡು ಇಟ್ಟರೆ ಅದಕ್ಕೆ ನಿಧಾನದ ಮದ್ದೇ ಬೇಕು. ನಡುವೆ ಇರುವ .308 ಎರಡು ಕಡೆಗೂ ಹತ್ತಿರ.

ಒಂದೇ ಡಬ್ಬಿ ಇಟ್ಟುಕೊಳ್ಳುವವರು ಮಾಡುವುದೂ ಇದನ್ನೇ. ನಡುವಿನ ತೋಟೆಗೆ ಸರಿಹೋಗುವ ಮದ್ದನ್ನು ಆರಿಸುತ್ತಾರೆ. 4895, 4064, ವಾರ್ಗೆಟ್ ಅನ್ನುವ ಮದ್ದುಗಳು ಈ ಗುಂಪಿನವು. .223, .308, .30-06 ಈ ಮೂರು ತೋಟೆಗೂ ಆಗುತ್ತವೆ. ಮೂರರಲ್ಲೂ ಅತ್ಯುತ್ತಮ ಅಂತಲ್ಲ. ಒಂದರಲ್ಲಿ ವೇಗ ತುಸು ಕಡಿಮೆ, ಇನ್ನೊಂದರಲ್ಲಿ ತೋಟೆ ಪೂರ್ತಿ ತುಂಬೋದಿಲ್ಲ. ಗುರಿ ಹಲಗೆಗೆ ಹೊಡೆಯುವವನಿಗೆ ಆ ವ್ಯತ್ಯಾಸ ಸುಮ್ನೆ ಲೆಕ್ಕಕ್ಕಷ್ಟೆ. ನಾಲ್ಕನೆಯದು .300 ವಿಂಚೆಸ್ಟರ್ ಮ್ಯಾಗ್ನಮ್ ಆಗಿದ್ದರೆ ಮಾತ್ರ ಹಟ ಬಿಟ್ಟು ನಿಧಾನದ ಇನ್ನೊಂದು ಡಬ್ಬಿ ತರಬೇಕು. ಅಷ್ಟು ದೊಡ್ಡ ಹೊಟ್ಟೆಗೆ ನಡುವಿನ ಮದ್ದು ಹಾಕಿದರೆ ಮ್ಯಾಗ್ನಮ್ ಕೊಂಡದ್ದೇ ದಂಡ.

ಒಂದೇ ಡಬ್ಬಿಯಿಂದ ದುಡ್ಡು ಉಳಿಯುವುದಕ್ಕಿಂತ ಗೊಂದಲ ತಪ್ಪುವುದೇ ದೊಡ್ಡದು. ಮೇಜಿನ ಮೇಲೆ ಎರಡು ಡಬ್ಬಿ ತೆರೆದಿದ್ದರೆ ಉಳಿದ ಮದ್ದನ್ನು ತಪ್ಪು ಡಬ್ಬಿಗೆ ಸುರಿಯುವ ಸಾಧ್ಯತೆ ಇದ್ದೇ ಇದೆ. ಹೆಸರುಗಳೂ ಮೋಸ ಮಾಡುತ್ತವೆ. ಎಚ್ 4895 ಅಂತ ಒಂದಿದೆ, ಐಎಂಆರ್ 4895 ಅಂತ ಇನ್ನೊಂದಿದೆ. ಸಂಖ್ಯೆ ಒಂದೇ, ಮದ್ದು ಬೇರೆ. ಒಂದರ ಅಳತೆಯನ್ನು ಇನ್ನೊಂದಕ್ಕೆ ಹಾಕುವ ಹಾಗಿಲ್ಲ. ಇಲ್ಲಿ ಅಳತೆ ಗ್ರೇನ್ ಲೆಕ್ಕ, ಒಂದು ಪೌಂಡಿಗೆ 7000 ಗ್ರೇನ್. ಹೆಚ್ಚುಕಡಿಮೆ ಅಂದರೆ ಎಷ್ಟು ಸಣ್ಣದು ಅಂತ ನೀವೇ ಅಂದಾಜು ಮಾಡಿ. 4064ರ ಕಾಳು ಉದ್ದ. ಮದ್ದು ಅಳೆಯುವ ಸಾಧನದ ಡ್ರಮ್ ತಿರುಗಿಸುವಾಗ ಕಾಳು ಅಂಚಿಗೆ ಸಿಕ್ಕಿ ಕರಕ್ ಅಂತ ತುಂಡಾಗುತ್ತೆ, ಅಳತೆ ಒಂದು ಸಲ ಜಾಸ್ತಿ, ಒಂದು ಸಲ ಕಮ್ಮಿ. ಅದಕ್ಕೇ ಆ ಮದ್ದು ಹಾಕುವವರು ತಕ್ಕಡಿ ಬಿಡೋದಿಲ್ಲ.

ಈಗ ನಮ್ಮ ಮನೆಗೆ ಬರೋಣ. ಈ ಮಾತು ಹೇಳೋದಕ್ಕೇ ನಾನು ಬಂದದ್ದು ಅಂದುಕೊಳ್ಳಿ. ಯಾರೋ ಎಲ್ಲಿಂದಲೋ ತಂದುಕೊಟ್ಟ ರೈಫಲ್ ಮದ್ದನ್ನು, ಇಲ್ಲವೇ ಹಳೇ ತೋಟೆ ಬಿಚ್ಚಿ ತೆಗೆದ ಮದ್ದನ್ನು, ಕೇಪಿನ ಕೋವಿಗೆ ಹಾಕಬೇಡಿ. ಒಂದು ಚಿಟಿಕೆಯೂ ಬೇಡ, ಕರಿಮದ್ದಿನ ಜೊತೆ ಬೆರೆಸಿಯೂ ಬೇಡ. .308 ತೋಟೆಗೆ ಅಮೆರಿಕದವರು ಇಟ್ಟಿರುವ ಗರಿಷ್ಠ ಒತ್ತಡ ಚದರ ಇಂಚಿಗೆ 62,000 ಪೌಂಡ್. ನಮ್ಮ ಅಜ್ಜಂದಿರ ಕಾಲದ ನಳಿಗೆಯನ್ನು ಇಂಥ ಒತ್ತಡ ಲೆಕ್ಕ ಹಾಕಿ ಮಾಡಿದ್ದಲ್ಲ. ಹೊಗೆಯಿಲ್ಲದ ಮದ್ದು ಒತ್ತಡ ಏರಿದಷ್ಟೂ ಇನ್ನೂ ಜೋರಾಗಿ ಉರಿಯುತ್ತೆ. ನಳಿಗೆ ಸೀಳುವುದು ಕೆನ್ನೆಯ ಪಕ್ಕದಲ್ಲಿ, ಎಡಗೈ ಹಿಡಿದ ಜಾಗದಲ್ಲಿ.

ಹಳೇ ತೋಟೆ ಮನೆಯಲ್ಲಿದ್ದರೆ ಬಿಚ್ಚಲು ಹೋಗಬೇಡಿ, ಲೈಸೆನ್ಸ್ ಇರುವ ಅಂಗಡಿಯವರನ್ನೋ ಠಾಣೆಯವರನ್ನೋ ಕೇಳಿ. ಡಬ್ಬಿ ತೆರೆದಾಗ ಹುಳಿ ಹುಳಿಯಾದ ಖಾರದ ವಾಸನೆ, ಕೆಂಪು ಹೊಗೆಯಂಥದ್ದು ಕಂಡರೆ ಮದ್ದು ಕೆಟ್ಟಿದೆ ಅಂತ ಅರ್ಥ. ಅಂಥದ್ದನ್ನು ಅಟ್ಟದ ಮೇಲೆ ಇಟ್ಟುಕೊಂಡವರು ಇಲ್ಲಿದ್ದರೆ ಚಹಾ ಹೊತ್ತಿನಲ್ಲಿ ಸಿಗಿ, ಮಾತಾಡೋಣ.