ತಾನಾಗಿ ಅಲುಗಾಡೋದು ಒಂದೂ ಇಲ್ಲ

ನಮಸ್ಕಾರ. ಅನಿಮೇಷನ್ ಸಿನಿಮಾಗಳ ಬಗ್ಗೆ ಮಾತಾಡಿ ಅಂತ ಕರೆದಿದಾರೆ, ಇರೋ ಟೈಮ್ ಕಮ್ಮಿ, ಅದಕ್ಕೆ ಒಂದೇ ಒಂದು ವಿಷಯ ಹೇಳ್ತೀನಿ, ಅದನ್ನೇ ಮತ್ತೆ ಮತ್ತೆ ಹೇಳ್ತೀನಿ. ಅನಿಮೇಷನ್‌ನಲ್ಲಿ ತಾನಾಗಿ ಅಲುಗಾಡೋದು ಅಂತ ಒಂದೂ ಇಲ್ಲ.

ಕ್ಯಾಮೆರಾ ಇಟ್ಟು ಮರದ ಕೆಳಗೆ ನಿಂತ ನಟಿಯನ್ನ ಶೂಟ್ ಮಾಡಿದ್ರೆ ಎಲೆ ಅದರ ಪಾಡಿಗೆ ಅಲ್ಲಾಡುತ್ತೆ, ಆಕೆ ಕಣ್ಣು ಮಿಟುಕಿಸ್ತಾಳೆ, ಸೆರಗು ಗಾಳಿಗೆ ಹಾರುತ್ತೆ, ಡೈರೆಕ್ಟರ್ ಕೇಳದೇನೇ ಇಷ್ಟೆಲ್ಲಾ ಸಿಕ್ಕಿಬಿಡುತ್ತೆ. ಅನಿಮೇಷನ್‌ನಲ್ಲಿ ಇದ್ಯಾವುದೂ ಪುಕ್ಕಟೆ ಬರಲ್ಲ. ಎಲೆ ಅಲ್ಲಾಡ್ಬೇಕು ಅಂದ್ರೆ ಯಾರೋ ಕೂತು ಅಲ್ಲಾಡಿಸ್ಬೇಕು, ಕಣ್ಣು ಮಿಟುಕ್ಬೇಕು ಅಂದ್ರೆ ರೆಪ್ಪೆ ಎಷ್ಟು ಹೊತ್ತು ಮುಚ್ಚಿರ್ಬೇಕು ಅಂತ ಯಾರೋ ಯೋಚನೆ ಮಾಡಿರ್ಬೇಕು.

ಲೆಕ್ಕ ನೋಡಿ. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಫ್ರೇಮ್, ಅಂದ್ರೆ ಕ್ಯಾಮೆರಾ ತೆಗೆಯೋ 24 ಬಿಡಿ ಫೋಟೋ. ಒಂದೊಂದು ಚಿತ್ರವನ್ನ ಎರಡೆರಡು ಫ್ರೇಮ್ ಹಿಡಿದಿಟ್ರೂ ಸೆಕೆಂಡಿಗೆ 12 ಚಿತ್ರ ಬೇಕು. ಹತ್ತು ನಿಮಿಷದ ಶಾರ್ಟ್ ಫಿಲ್ಮ್ ಅಂದ್ರೆ 7,200 ಚಿತ್ರ ಆಯ್ತು. ಇದನ್ನ ತಿಳ್ಕೊಂಡ ಮೇಲೂ "ಓ ಕಾರ್ಟೂನಾ, ಮಕ್ಕಳು ಊಟ ಮಾಡ್ಲಿ ಅಂತ ಹಾಕೋದು ತಾನೇ" ಅಂತ ಯಾರಾದ್ರೂ ಅಂದ್ರೆ ನಂಗೆ ನಿಜವಾಗ್ಲೂ ಬೇಜಾರಾಗುತ್ತೆ. ದಯವಿಟ್ಟು ಹಾಗೆ ಅನ್ಬೇಡಿ. ಮಕ್ಕಳಿಗೂ ಇದೆ, ದೊಡ್ಡವರಿಗೂ ಇದೆ, ಅಷ್ಟೇ.

1914ರಲ್ಲಿ ವಿನ್ಸರ್ ಮೆಕೇ ಅನ್ನೋ ಅಮೆರಿಕದ ಚಿತ್ರಕಾರ ಗರ್ಟಿ ಅನ್ನೋ ಡೈನೋಸಾರ್ ಮಾಡಿದ್ರು. ಗರ್ಟಿ ಸುಮ್ನೆ ನಿಂತಿದ್ದಾಗ್ಲೂ ಅವಳ ಮೈ ಉಸಿರಾಡ್ತಿರುತ್ತೆ! ಆ ಉಸಿರಿನ ಟೈಮಿಂಗ್ ಸರಿಯಾಗ್ಲಿ ಅಂತ ಮೆಕೇ ತಮ್ಮ ಉಸಿರನ್ನೇ ಅಳೆದುಕೊಂಡ್ರು. ಆಗ ಹಿನ್ನೆಲೆಯನ್ನ ಬೇರೆ ಇಡೋ ರೂಢಿ ಇನ್ನೂ ಬಂದಿರ್ಲಿಲ್ಲ, ಹಾಗಾಗಿ ಹಿಂದಿನ ಬಂಡೆ, ಮರ ಎಲ್ಲಾ ಪ್ರತಿ ಹಾಳೆಯಲ್ಲೂ ಹೊಸದಾಗಿ ಬರೀಬೇಕು, ಅದಕ್ಕೆ ಅಂತ ಒಬ್ಬ ಸಹಾಯಕ ಇದ್ದ.

ಈಗ ನಂಗೆ ತುಂಬಾ ಇಷ್ಟವಾದ ಕತೆ ಹೇಳ್ತೀನಿ. ಜರ್ಮನಿಯಲ್ಲಿ ಲೊಟ್ಟೆ ರೈನಿಗರ್ ಅಂತ ಒಬ್ಬ ಹುಡುಗಿ, 1899ರಲ್ಲಿ ಹುಟ್ಟಿದ್ದು, ಚಿಕ್ಕಂದಿನಿಂದ್ಲೂ ಕತ್ತರಿ ಹಿಡಿದ್ರೆ ಕಪ್ಪು ಕಾಗದದಲ್ಲಿ ಕುದುರೆ, ರಾಜಕುಮಾರ, ಮಾಟಗಾತಿ ಏನ್ ಬೇಕಾದ್ರೂ ಕತ್ತರಿಸೋಳು. 1920ರ ದಶಕದ ಶುರುವಿನಲ್ಲಿ ಅಲ್ಲಿ ದುಡ್ಡಿನ ಬೆಲೆ ದಿನದಿನಕ್ಕೂ ಕುಸೀತಿತ್ತು, ದುಡ್ಡು ಇಟ್ಕೊಂಡ್ರೆ ಕರಗುತ್ತೆ ಅಂತ ಲೂಯಿ ಹಾಗೆನ್ ಅನ್ನೋ ಬ್ಯಾಂಕರ್ ರಾಶಿ ರಾಶಿ ಕಚ್ಚಾ ಫಿಲ್ಮ್, ಅಂದ್ರೆ ಇನ್ನೂ ಏನೂ ಶೂಟ್ ಮಾಡದ ಖಾಲಿ ರೀಲು, ಕೊಂಡಿಟ್ಟಿದ್ರು, ಆ ಲೆಕ್ಕಾಚಾರ ಕೈಕೊಡ್ತು, ಫಿಲ್ಮ್ ಹಾಗೇ ಉಳೀತು. ಆಗ ಅವ್ರು ಲೊಟ್ಟೆನ ಕೇಳಿದ್ರು, ಇದ್ರಲ್ಲಿ ಒಂದು ಪೂರ್ತಿ ಸಿನಿಮಾ ಮಾಡ್ತೀಯಾ ಅಂತ. ಅನಿಮೇಷನ್ ಅಂದ್ರೆ ಕೆಲವೇ ನಿಮಿಷದ್ದು ಅಂತ ಎಲ್ರೂ ಅಂದ್ಕೊಂಡಿದ್ದ ಕಾಲ ಅದು! ಇಪ್ಪತ್ತನಾಲ್ಕು ವಯಸ್ಸಿನ ಆಕೆ ಹೂಂ ಅಂದ್ಬಿಟ್ಳು.

ಪಾಟ್ಸ್‌ಡಾಮ್‌ನಲ್ಲಿ ಆ ಬ್ಯಾಂಕರ್ ಮನೆಯ ಗ್ಯಾರೇಜ್ ಮೇಲಿನ ಅಟ್ಟದಲ್ಲೇ ಸ್ಟುಡಿಯೋ. ಗಾಜಿನ ಮೇಜು, ಕೆಳಗಿಂದ ದೀಪ, ಮೇಲ್ಗಡೆ ಕೆಳಮುಖವಾಗಿ ನೋಡೋ ಕ್ಯಾಮೆರಾ. ಗೊಂಬೆಗಳು ಕಪ್ಪು ರಟ್ಟಿನವು, ಜೊತೆಗೆ ತೆಳ್ಳಗಿನ ಸೀಸದ ಹಾಳೆ, ಕೈಕಾಲಿನ ಕೀಲುಗಳಿಗೆ ತಂತಿ. ಒಂದು ಕೈನ ಕೂದಲೆಳೆಯಷ್ಟು ಸರಿಸೋದು, ಒಂದು ಫ್ರೇಮ್ ತೆಗೆಯೋದು, ಮತ್ತೆ ಸರಿಸೋದು, ಮತ್ತೆ ತೆಗೆಯೋದು. ಕ್ಯಾಮೆರಾ ನೋಡ್ಕೊಂಡವ್ರು ಆಕೆಯ ಗಂಡ ಕಾರ್ಲ್ ಕೋಹ್. ಕ್ಲೋಸಪ್ ಬೇಕು ಅಂದ್ರೆ ಅದೇ ಪಾತ್ರದ ದೊಡ್ಡ ತಲೆಯನ್ನ ಬೇರೆಯಾಗಿ ಕತ್ತರಿಸ್ಬೇಕು. 1923ರಲ್ಲಿ ಶುರುವಾಗಿದ್ದು 1926ರಲ್ಲಿ ಮುಗೀತು, 'ದಿ ಅಡ್ವೆಂಚರ್ಸ್ ಆಫ್ ಪ್ರಿನ್ಸ್ ಅಕ್ಮೆದ್' ಅಂತ ಇಂಗ್ಲಿಷ್‌ನಲ್ಲಿ ಕರೀತಾರೆ, ಇವತ್ತು ಉಳ್ಕೊಂಡಿರೋ ಪೂರ್ಣಾವಧಿ ಅನಿಮೇಷನ್ ಸಿನಿಮಾಗಳಲ್ಲಿ ಅದೇ ಅತಿ ಹಳೇದು. ಅದೇ ಮೊದಲನೇದು ಅಂತ ಎಷ್ಟೋ ಜನ ಅಂದ್ಕೊಂಡಿರೋ ಡಿಸ್ನಿಯ 'ಸ್ನೋ ವೈಟ್' ಬಂದಿದ್ದು 1937ರಲ್ಲಿ, ಅಂದ್ರೆ ಹನ್ನೊಂದು ವರ್ಷ ಆದ್ಮೇಲೆ. ಇದನ್ನ ಯಾರಿಗೆ ಹೇಳಿದ್ರೂ ಮೊದಲು ನಂಬೋದೇ ಇಲ್ಲ.

ಲೊಟ್ಟೆಯ ಆ ಸಿನಿಮಾದಲ್ಲಿ ಯಾರಿಗೂ ಮುಖಭಾವ ಅನ್ನೋದೇ ಇಲ್ಲ, ಬರೀ ಕಪ್ಪು ಆಕಾರ. ಆದ್ರೂ ರಾಜಕುಮಾರಿ ನಾಚ್ಕೊಂಡಿದ್ದು ಗೊತ್ತಾಗುತ್ತೆ, ಮಾಂತ್ರಿಕನ ಕೆಟ್ಟ ಬುದ್ಧಿ ಅವನ ಬೆರಳಲ್ಲೇ ಗೊತ್ತಾಗುತ್ತೆ. ಹೇಗೆ ಅಂತೀರಾ? ಚಲನೆಯಿಂದ. ತಲೆ ಎಷ್ಟು ಬಗ್ತು, ಎಷ್ಟು ನಿಧಾನ ಬಗ್ತು, ಬಗ್ಗೋಕೆ ಮುಂಚೆ ಒಂದು ಗಳಿಗೆ ತಡೀತಾ, ಇಲ್ವಾ, ಅಷ್ಟರಲ್ಲೇ ಇಡೀ ಮನಸ್ಸು ಇದೆ. ಕೊನೇ ಕಡೆ ಮಾಟಗಾತಿಗೂ ಮಾಂತ್ರಿಕನಿಗೂ ಕಾಳಗ ಆಗುತ್ತೆ, ಇಬ್ರೂ ಒಂದು ಪ್ರಾಣಿಯಿಂದ ಇನ್ನೊಂದು ಪ್ರಾಣಿ ಆಗ್ತಾ ಆಗ್ತಾ ಹೊಡೆದಾಡ್ತಾರೆ, ಇಷ್ಟು ವರ್ಷ ಆದ್ರೂ ಅದನ್ನ ನೋಡ್ವಾಗ ನಾನು ಕುರ್ಚಿ ತುದೀಲೇ ಕೂತಿರ್ತೀನಿ.

ಟೈಮ್ ಆಗ್ತಾ ಬಂತು ಅಂತ ಆ ಕಡೆಯಿಂದ ಸನ್ನೆ ಮಾಡ್ತಿದಾರೆ, ಉಳಿದಿದ್ದನ್ನ ಬೇಗ ಬೇಗ ಹೇಳ್ತೀನಿ. ರಷ್ಯಾದ ಯೂರಿ ನಾರ್ಸ್ಟೀನ್, 1975ರ 'ಹೆಡ್ಜ್‌ಹಾಗ್ ಇನ್ ದ ಫಾಗ್', ಹತ್ತೇ ನಿಮಿಷ, ಅದ್ರಲ್ಲಿರೋ ಮಂಜು ಇದೆಯಲ್ಲ, ಅದು ತೆಳ್ಳಗಿನ ಅರೆಪಾರದರ್ಶಕ ಹಾಳೆ, ಗೊಂಬೆಯ ಮೇಲೆ ಇಟ್ಟು ಒಂದೊಂದೇ ಫ್ರೇಮ್‌ಗೆ ಚೂರು ಚೂರೇ ಕ್ಯಾಮೆರಾ ಕಡೆಗೆ ಎತ್ತೋದು, ಎತ್ತಿದಷ್ಟೂ ಕೆಳಗಿನದು ಮಸುಕಾಗುತ್ತೆ, ಅಂದ್ರೆ ಅಲ್ಲಿ ಮಂಜೂ ತಾನಾಗಿ ಅಲುಗಾಡಲ್ಲ! ರಷ್ಯಾದವ್ರೇ ಆದ ಅಲೆಕ್ಸಾಂಡರ್ ಪೆಟ್ರೋವ್ ಗಾಜಿನ ಮೇಲೆ ಎಣ್ಣೆ ಬಣ್ಣದಲ್ಲಿ ಬೆರಳಿಂದ್ಲೇ ಬರೀತಾರೆ, ಒಂದು ಫ್ರೇಮ್ ತೆಗೆದು ಅದೇ ಚಿತ್ರವನ್ನ ತಿದ್ದಿ ಅಳಿಸಿ ಮುಂದಿನದು ಮಾಡ್ತಾರೆ, ಹಿಂದಿನದು ಫಿಲ್ಮ್‌ನಲ್ಲಿ ಬಿಟ್ರೆ ಬೇರೆಲ್ಲೂ ಉಳಿಯಲ್ಲ. ಈಗೆಲ್ಲಾ ಕಂಪ್ಯೂಟರೇ ಮಾಡುತ್ತಲ್ವಾ ಅಂತ ಕೇಳೋರಿಗೆ: ಇಲ್ಲ, ಮಾಡಲ್ಲ. 2024ರಲ್ಲಿ ಲಾಟ್ವಿಯಾದ ಗಿಂಟ್ಸ್ ಜಿಲ್ಬಲೋಡಿಸ್ ಅವ್ರ 'ಫ್ಲೋ' ಬಂತು, ಪುಕ್ಕಟೆ ಸಿಗೋ ಬ್ಲೆಂಡರ್ ಸಾಫ್ಟ್‌ವೇರ್‌ನಲ್ಲಿ ಮಾಡಿದ್ದು, ಒಂದೂ ಡೈಲಾಗ್ ಇಲ್ಲ, 2025ರಲ್ಲಿ ಆಸ್ಕರ್ ಗೆಲ್ತು. ಅದ್ರಲ್ಲಿ ಬೆಕ್ಕು ನೆಗೆಯೋಕೆ ಮುಂಚೆ ಹಿಂದಿನ ಕಾಲು ಕುಗ್ಗಿಸೋದನ್ನ ನೋಡಿ, ಅದನ್ನ ಮನುಷ್ಯರು ಕೂತು ಮಾಡಿದ್ದು.

ಎಲ್ಲಿಂದ ಶುರು ಮಾಡ್ಲಿ ಅಂತ ಕೇಳೋರು ನಾರ್ಸ್ಟೀನ್ ಅವ್ರ ಹತ್ತು ನಿಮಿಷದಿಂದ ಶುರು ಮಾಡಿ. ಫೋನ್ ಆಚೆ ಇಡಿ, ಎರಡು ಸಲ ನೋಡಿ, ಮೊದಲನೇ ಸಲ ಕತೆಗೆ, ಎರಡನೇ ಸಲ ಸೌಂಡ್ ಪೂರ್ತಿ ಆಫ್ ಮಾಡಿ ಬರೀ ಚಲನೆ ನೋಡೋಕೆ. ಆಮೇಲೆ ಲೊಟ್ಟೆ ರೈನಿಗರ್, ಅದಕ್ಕೆ ಒಂದು ಗಂಟೆ ಚಿಲ್ಲರೆ ಬಿಡುವು ಮಾಡ್ಕೊಳ್ಳಿ. ನಮಸ್ಕಾರ.