ಕರಾರಿನಲ್ಲಿ ನಿಮ್ಮ ಹೆಸರೂ ಇರಲಿ

ಎಲ್ಲರಿಗೂ ನಮಸ್ಕಾರ. ಪುಣೆಗೆ ಹೊಸದಾಗಿ ಬಂದ ಕನ್ನಡದವರು ಈ ಸಲ ಇಷ್ಟು ಜನ ಸೇರಿದ್ದು ನೋಡಿ ತುಂಬಾ ಖುಷಿಯಾಯಿತು. ರಾಜ್ಯ ಬದಲಿಸಿದ ಮೇಲೆ ಕಾಗದಪತ್ರ ಏನೇನು ಮಾಡಿಸಬೇಕು ಅಂತ ಹೇಳಲು ನನ್ನನ್ನು ಕರೆದಿದ್ದಾರೆ. ಹಲವು ವಿಷಯ ಬರೆದುಕೊಂಡು ಬಂದಿದ್ದೇನೆ. ಆದರೆ ಹೋದ ತಿಂಗಳಿಂದ ಒಂದು ಮಾತು ನನ್ನ ತಲೆ ಕೊರೆಯುತ್ತಿದೆ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ನಮ್ಮ ಬಿಲ್ಡಿಂಗಿಗೆ ಕಲಬುರಗಿ ಕಡೆಯ ಒಬ್ಬ ಹುಡುಗಿ ಬಂದಿದ್ದಾಳೆ. ಬ್ಯಾಂಕಿನವರು ಅವಳಿಗೆ ಇಲ್ಲಿಯ ವಿಳಾಸದ ಪುರಾವೆ ಕೇಳಿದರು. ಮನೆ ಕರಾರು ಗಂಡನ ಹೆಸರಲ್ಲಿ. ಗ್ಯಾಸೂ ಅವನ ಹೆಸರಲ್ಲೇ. ಕರೆಂಟ್ ಬಿಲ್ ಮಾಲೀಕರದು. ಆಧಾರ್‌ನಲ್ಲಿ ಇನ್ನೂ ತವರಿನ ವಿಳಾಸ. "ಅಕ್ಕಾ, ಈ ಊರಲ್ಲಿ ನಾನೂ ಇದ್ದೀನಿ ಅನ್ನೋಕೆ ನನ್ನ ಹತ್ರ ಒಂದು ಚೀಟಿನೂ ಇಲ್ಲ" ಅಂದಳು.

ಇದಕ್ಕೆ ಮದ್ದು ಬಾಡಿಗೆ ಕರಾರಿನಲ್ಲೇ ಇದೆ. ನಮ್ಮ ಕಡೆ 11 ತಿಂಗಳ ಕರಾರು ಬರೆದು, ನೋಟರಿ ಮಾಡಿಸಿದರೆ ಮುಗಿಯಿತು. ಇಲ್ಲಿ ಹಾಗಲ್ಲ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಂ ಪ್ರಕಾರ 11 ತಿಂಗಳದ್ದೂ ನೋಂದಣಿ ಆಗಲೇಬೇಕು. ನೋಂದಣಿ ಮಾಡಿಸುವ ಹೊಣೆ ಮಾಲೀಕರದು. ಮಾಡಿಸದೇ ಇದ್ದು ಮುಂದೆ ತಕರಾರು ಬಂತು ಅನ್ನಿ. ಆಗ ಷರತ್ತು ಬೇರೆ ಇತ್ತು ಅಂತ ಮಾಲೀಕರು ಸಾಬೀತು ಮಾಡುವ ತನಕ ಬಾಡಿಗೆದಾರರು ಹೇಳಿದ ಷರತ್ತೇ ನಿಲ್ಲುತ್ತದೆ. ಆದ್ದರಿಂದ "ಸುಮ್ನೆ ಯಾಕೆ ಖರ್ಚು" ಅನ್ನುವ ಮಾಲೀಕರಿಗೆ ಧೈರ್ಯವಾಗಿ ಇದನ್ನು ಹೇಳಿ. ಈಗ ಏಜೆಂಟರು ಲ್ಯಾಪ್‌ಟಾಪ್, ಹೆಬ್ಬೆಟ್ಟಿನ ಯಂತ್ರ ಹಿಡಿದುಕೊಂಡು ಮನೆಗೇ ಬರುತ್ತಾರೆ. ಗಂಡನ ಹೆಬ್ಬೆಟ್ಟು ತಗೊಂಡ ಕೂಡಲೇ ಯಂತ್ರ ಎತ್ತಿಡಲು ಬಿಡಬೇಡಿ. ಹೆಂಡತಿಯ ಹೆಸರೂ ಬರಲಿ, ಅವಳ ಹೆಬ್ಬೆಟ್ಟೂ ಬೀಳಲಿ. ಒಂದೇ ಕರಾರು, ಎರಡು ಹೆಸರು.

ಮರಾಠಿ ಕಾಗದ ನೋಡಿ ಹೆದರಬೇಡಿ. ನಮ್ಮ ಬಾಡಿಗೆ ಕರಾರು ಇಲ್ಲಿ ಭಾಡೆಕರಾರ. ನಮ್ಮ ಅರ್ಜಿ ಇಲ್ಲಿ ಅರ್ಜ. ನಾನು ಧಾರವಾಡದವಳು. ನಮ್ಮಜ್ಜ ಪಹಣಿಗೆ ಕೊನೆಯವರೆಗೂ 'ಉತಾರ' ಅಂತಲೇ ಅನ್ನುತ್ತಿದ್ದರು. 1956ರ ತನಕ ನಾವು ಮುಂಬೈ ರಾಜ್ಯದಲ್ಲೇ ಇದ್ದೆವಲ್ಲ! ಇಲ್ಲಿ ಪಹಣಿಗೆ ಸಾತ್‌ಬಾರಾ ಉತಾರಾ ಅನ್ನುವುದು ಕೇಳಿದಾಗೆಲ್ಲ ನನಗೆ ಅಜ್ಜನ ನೆನಪು.

ಈಗ ನನ್ನ ಸ್ಕೂಟರಿನ ಕಥೆ. ಕೆಎ-25 ನಂಬರಿನ ಗಾಡಿ. ಪೆಟ್ರೋಲ್ ಖಾಲಿ ಮಾಡಿಸಿಕೊಂಡು, ಗೋಣಿಚೀಲ ಸುತ್ತಿಕೊಂಡು ರೈಲಿನ ಪಾರ್ಸೆಲ್ ಡಬ್ಬಿಯಲ್ಲಿ ನನಗಿಂತ ಮೊದಲೇ ಪುಣೆಗೆ ಬಂತು. ಹದಿನಾಲ್ಕು ತಿಂಗಳು ಆರಾಮಾಗಿ ಓಡಿಸಿದೆ. ಒಂದು ದಿನ ಟ್ರಾಫಿಕ್ ಪೊಲೀಸರು ಕೈ ಅಡ್ಡ ಹಿಡಿದರು. ಬೇರೆ ರಾಜ್ಯದ ಗಾಡಿ ಇಲ್ಲಿ 12 ತಿಂಗಳು ದಾಟಿದರೆ ಇಲ್ಲಿಯ ನಂಬರು ತಗೋಬೇಕು. ಮೋಟಾರು ವಾಹನ ಕಾಯ್ದೆಯ 47ನೇ ಕಲಂ. ಅದಕ್ಕೆ ಹಳೆಯ ಊರಿನ ಆರ್‌ಟಿಓದಿಂದ ಎನ್‌ಓಸಿ, ಅಂದರೆ ಅಭ್ಯಂತರ ಇಲ್ಲ ಅನ್ನುವ ಪತ್ರ ಬೇಕು.

ರಾತ್ರಿ ಬಸ್ಸು ಹತ್ತಿ ಧಾರವಾಡಕ್ಕೆ ಹೋದೆ. ಎನ್‌ಓಸಿ ಅರ್ಜಿಯ 28ನೇ ನಮೂನೆ ತುಂಬಿದೆ. ಚಾಸಿಸ್ ನಂಬರಿನ ಪೆನ್ಸಿಲ್ ಅಚ್ಚು ಎಲ್ಲಿ ಅಂದರು. ಗಾಡಿ ಪುಣೆಯಲ್ಲಿ, ನಾನು ಧಾರವಾಡದಲ್ಲಿ! ವಾಪಸ್ ಬಂದೆ. ಪಕ್ಕದ ಮನೆ ಹುಡುಗ ಗಾಡಿ ಕೆಳಗೆ ತೂರಿ, ನಂಬರಿನ ಮೇಲೆ ಕಾಗದ ಇಟ್ಟು, ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಟ್ಟ. ಮತ್ತೆ ಬಸ್ಸು. ಎರಡನೇ ಸಲ ಹೋದಾಗ ಆರ್‌ಸಿ ತಿರುಗಿಸಿ ನೋಡಿ "ಮಾಲೀಕರು ಬಂದಿದ್ದಾರಾ?" ಅಂದರು. ನಾನೇ ಅಂದೆ. ಅಲ್ಲ. ಗಾಡಿ ಅಪ್ಪನ ಹೆಸರಲ್ಲಿತ್ತು. ಕಾಲೇಜಿಗೆ ಸೇರಿದಾಗ ಕೊಡಿಸಿದ್ದು. ನಾನು ದಿನಾ ಓಡಿಸುವ ಗಾಡಿ, ಪೆಟ್ರೋಲ್ ನಂದು, ರಿಪೇರಿ ನಂದು. ಕಾಗದದಲ್ಲಿ ಮಾತ್ರ ನಾನು ಇಲ್ಲ. ಎಪ್ಪತ್ತೆರಡು ವರ್ಷದ ಅಪ್ಪ ಬಿಸಿಲಲ್ಲಿ ಬಂದು ಸಾಲಿನಲ್ಲಿ ನಿಂತು ಸಹಿ ಹಾಕಿದರು. ಆ ದಿನ ಅವರ ಪಕ್ಕ ನಿಂತಾಗ ಆದ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ.

ಆದ್ದರಿಂದ ಊರು ಬಿಡುವ ಮೊದಲೇ ಗಾಡಿ ಯಾರ ಹೆಸರಲ್ಲಿದೆ ನೋಡಿ. ಗಾಡಿ ಅಲ್ಲಿರುವಾಗಲೇ ಎನ್‌ಓಸಿ ಕೇಳಿ. ಅರ್ಜಿ ಕೊಟ್ಟ ದಿನದ ರಸೀದಿ ಜೋಪಾನ. 30 ದಿನದೊಳಗೆ ಇಲ್ಲ ಅಂತ ಹೇಳದಿದ್ದರೆ ಕೊಟ್ಟ ಹಾಗೆಯೇ ಅಂತ 48ನೇ ಕಲಂ ಹೇಳುತ್ತದೆ. ಇಲ್ಲಿ ತೆರಿಗೆ ಕಟ್ಟಿದ ಮೇಲೆ ಅಲ್ಲಿ ಕಟ್ಟಿದ ಆಜೀವ ತೆರಿಗೆಯಲ್ಲಿ ಉಳಿದ ಪಾಲು ವಾಪಸ್ ಕೇಳಬಹುದು. ಎಷ್ಟೋ ಜನ ಕೇಳುವುದೇ ಇಲ್ಲ.

ಐದೇ ನಿಮಿಷ ಇದೆ ಅಂತ ಚೀಟಿ ಬಂತು. ಬೇಗ ಹೇಳುತ್ತೇನೆ.

ಡ್ರೈವಿಂಗ್ ಲೈಸೆನ್ಸ್ ದೇಶಕ್ಕೆಲ್ಲ ನಡೆಯುತ್ತದೆ, ಹೊಸದು ಬೇಡ. ವಿಳಾಸ ಬದಲಿಸಿಕೊಳ್ಳಿ ಸಾಕು. ಆಧಾರ್‌ನಲ್ಲಿ 2023ರಿಂದ ಮನೆಯ ಯಜಮಾನರ ಆಧಾರ್ ಮೇಲೆ ಉಳಿದವರೂ ವಿಳಾಸ ಬದಲಿಸಬಹುದು. ಒಳ್ಳೆಯ ಸೌಲಭ್ಯ. ಆದರೆ ಅದಕ್ಕೂ ಅವರ ಒಪ್ಪಿಗೆ ಬೇಕು. ಕರಾರಿನಲ್ಲಿ ನಿಮ್ಮ ಹೆಸರಿದ್ದರೆ ಯಾರನ್ನೂ ಕೇಳಬೇಕಾಗಿಲ್ಲ ಅಲ್ವಾ?

ಮತದಾರರ ಪಟ್ಟಿಗೆ 8ನೇ ನಮೂನೆ ತುಂಬಿ. ಎರಡು ಕ್ಷೇತ್ರದಲ್ಲಿ ಹೆಸರು ಇಟ್ಟುಕೊಳ್ಳುವಂತಿಲ್ಲ. ಊರಲ್ಲಿ ಸ್ವಂತ ಮನೆ ಇದೆ ಅನ್ನುವ ಒಂದೇ ಕಾರಣಕ್ಕೆ ಅಲ್ಲಿಯ ನಿವಾಸಿ ಅಂತ ಕಾನೂನು ಒಪ್ಪುವುದಿಲ್ಲ. ಮದುವೆಯಾದ ಹೆಣ್ಣುಮಕ್ಕಳೇ, ತವರಿನ ಪಟ್ಟಿಯಲ್ಲಿ ನಿಮ್ಮ ಹೆಸರು ಇನ್ನೂ ಇದೆಯಾ ಅಂತ ಇವತ್ತೇ ನೋಡಿ.

ರೇಷನ್ ಕಾರ್ಡು ಅಲ್ಲಿಯದ್ದೇ ಇಲ್ಲೂ ನಡೆಯುತ್ತದೆ. ಆದರೆ ಕೇಂದ್ರದ ಪಾಲು ಮಾತ್ರ. ಅನ್ನಭಾಗ್ಯದಲ್ಲಿ ಕರ್ನಾಟಕ ಸರ್ಕಾರ ಸೇರಿಸಿ ಕೊಡುವುದು ಇಲ್ಲಿ ಸಿಗುವುದಿಲ್ಲ.

ಜಾತಿ ಪ್ರಮಾಣಪತ್ರದ ವಿಷಯ ತುಂಬಾ ಮುಖ್ಯ. ಎಸ್‌ಸಿ, ಎಸ್‌ಟಿ ಮನೆಯವರು ಬೇರೆ ರಾಜ್ಯಕ್ಕೆ ಹೋದಾಗ ಆ ರಾಜ್ಯದ ಮೀಸಲಾತಿ ತಾನಾಗಿ ಸಿಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 1990ರಲ್ಲೂ 2018ರಲ್ಲೂ ಹೇಳಿದೆ. ಮಕ್ಕಳ ಕಾಲೇಜು ಹತ್ತಿರ ಬಂದವರು ಈಗಲೇ ವಿಚಾರಿಸಿ.

ಶಾಲೆಯ ಟಿಸಿ, ಇನ್ಶೂರೆನ್ಸ್ ಉಳಿಯಿತು. ಊಟಕ್ಕೆ ಕೂತಾಗ ಕೇಳಿ, ಹೇಳುತ್ತೇನೆ. ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾನು ಇಲ್ಲೇ ಇರುತ್ತೇನೆ. ಅರ್ಜಿ ತುಂಬಲು ಸಹಾಯ ಬೇಕಾದವರು ಕರಾರಿನ ಪ್ರತಿ ತನ್ನಿ. ಗಂಡಂದಿರು ಒಬ್ಬರೇ ಬರಬೇಡಿ. ಹೆಂಡತಿಯನ್ನೂ ಕರೆತನ್ನಿ, ಅವರ ಆಧಾರ್ ಅವರ ಕೈಯಲ್ಲೇ ಇರಲಿ.