ಸೂಪು ಕುಡಿದ್ರಾ? ಲಿಟಲ್ ಹೈಟಿಯಲ್ಲಿ ನನ್ನ ಹೊಸ ವರ್ಷ

ಜನವರಿ 1, ಬೆಳಿಗ್ಗೆ ಎಂಟು ಗಂಟೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಕಿವಿ ಮರಗಟ್ಟುವಷ್ಟು ಚಳಿ. ನಾನೀಗ ಇಳಿದ ಸ್ಟೇಷನ್ನಿನ ಬೋರ್ಡು ನೋಡಿ. ನ್ಯೂಕರ್ಕ್ ಅವೆನ್ಯೂ–ಲಿಟಲ್ ಹೈಟಿ. ಕೊನೆಯ ಎರಡು ಪದ ಸೇರಿದ್ದು 2021ರಲ್ಲಿ. ಅದಕ್ಕೂ ಮೊದಲು, 2018ರಲ್ಲಿ, ಇಲ್ಲಿನ ಎರಡು ರಸ್ತೆಗಳಿಗೆ ಹೈಟಿಯ ವೀರರ ಹೆಸರು ಬಂತು. ನಾಸ್ಟ್ರಂಡ್ ಅವೆನ್ಯೂದ ಒಂದು ಭಾಗಕ್ಕೆ ತೂಸಾಂ ಲುವೆರ್ತ್ಯೂರ್. ರೋಜರ್ಸ್ ಅವೆನ್ಯೂಗೆ ಜಾನ್-ಜಾಕ್ ದೆಸಲೀನ್. ಇಬ್ಬರೂ ದೊಡ್ಡವರು, ಆ ಗೌರವಕ್ಕೆ ತಕ್ಕವರು. ಆದರೆ ನಾನು ಹೊರಟಿರುವ ಮನೆಯಲ್ಲಿ ಬೇರೆ ಹೆಸರುಗಳು ಕೇಳಿಬರುತ್ತವೆ. ಅವು ಯಾವ ರಸ್ತೆಯ ಬೋರ್ಡಿನಲ್ಲೂ ನನಗೆ ಕಂಡಿಲ್ಲ.

ಮತಾಂತ್ ಅವರ ಮನೆ ನಾಲ್ಕನೇ ಮಹಡಿಯಲ್ಲಿ. ಮತಾಂತ್ ಅಂದರೆ ಹೈಟಿಯವರ ಕ್ರೆಯೋಲ್ ಭಾಷೆಯಲ್ಲಿ ಅತ್ತೆ, ಚಿಕ್ಕಮ್ಮ, ದೊಡ್ಡಮ್ಮ ಎಲ್ಲವೂ. ಹಿರಿಯ ಹೆಂಗಸನ್ನು ಅಲ್ಲಿಯವರೂ ನಮ್ಮ ಹಾಗೆ ಬರೀ ಹೆಸರು ಹಿಡಿದು ಕರೆಯುವುದಿಲ್ಲ. ಈ ಊರಿಗೆ ಬಂದ ಮೊದಲ ವರ್ಷ ನಾನು ಅವರ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದೆ. ಹೊಸ ವರ್ಷದ ದಿನ ಬಾಗಿಲು ಬಡಿದರು. ಕೈಯಲ್ಲಿ ಒಂದು ಡಬ್ಬಿ ಸೂಪು. ನಾನು ಮಾಂಸ ತಿನ್ನುವುದಿಲ್ಲ ಮತಾಂತ್, ಅಂದೆ. ಬೇಜಾರು ಮಾಡಿಕೊಳ್ಳಲಿಲ್ಲ. ಒಂದು ಗಂಟೆ ಬಿಟ್ಟು ಮತ್ತೆ ಬಂದರು, ಮಾಂಸ ಹಾಕದೆ ಬೇರೆಯೇ ಮಾಡಿದ ಸೂಪು ತಂದಿದ್ದರು. ‘ಪಿತಿತ್ ಮ್ವೆ, ಇವತ್ತು ಈ ಸೂಪು ಕುಡಿಯದೆ ಯಾರೂ ಇರಬಾರದು’ ಅಂದರು. ಪಿತಿತ್ ಮ್ವೆ ಅಂದರೆ ನನ್ನ ಮಗು ಅಂತ.

ಯಾಕೆ ಯಾರೂ ಇರಬಾರದು ಅನ್ನುವುದು ನನಗೆ ತಿಳಿದದ್ದು ಆಮೇಲೆ. ಇದರ ಹೆಸರು ಸೂಪ್ ಜೂಮೂ. ಜೂಮೂ ಅಂದರೆ ಕುಂಬಳಕಾಯಿ. ಕೆರಿಬಿಯನ್ ಸಮುದ್ರದ ಹೈಟಿ ಒಂದು ಕಾಲಕ್ಕೆ ಫ್ರೆಂಚರ ವಸಾಹತು. ಹೆಸರು ಸಾಂ-ದೊಮಾಂಗ್. ಸುಮಾರು ಐದು ಲಕ್ಷ ಆಫ್ರಿಕನ್ನರು ಅಲ್ಲಿ ಗುಲಾಮರಾಗಿ ಕಬ್ಬು, ಕಾಫಿ ಬೆಳೆಯುತ್ತಿದ್ದರು. ಕುಂಬಳಕಾಯಿ ಬೆಳೆಯುವವರೂ ಅವರೇ, ಸೂಪು ಮಾಡುವವರೂ ಅವರೇ. ಕುಡಿಯುವವರು ಮಾತ್ರ ದೊರೆಗಳು. 1804ರ ಜನವರಿ 1ರಂದು ಗೊನಾಈವ್ ಪಟ್ಟಣದಲ್ಲಿ ದೆಸಲೀನ್ ಸ್ವಾತಂತ್ರ್ಯ ಘೋಷಿಸಿದರು. ಅವತ್ತು ಎಲ್ಲರೂ ಈ ಸೂಪು ಕುಡಿಯಲಿ ಅಂದವರು ಅವರ ಹೆಂಡತಿ ಮರಿ-ಕ್ಲೇರ್ ಎರೋಜ್ ಅಂತ ಹೈಟಿಯವರು ಹೇಳುತ್ತಾರೆ.

ಮತಾಂತ್ ಹೈಟಿಯ ಜಾಕ್‌ಮೆಲ್ ಊರಿನ ಕಡೆಯವರು. ಹಾಗಾಗಿ ಮರಿ-ಕ್ಲೇರ್ ಹೆಸರು ಬಂದರೆ ಒಂದು ಕಥೆ ಹೇಳದೆ ಬಿಡುವುದಿಲ್ಲ. 1800ರಲ್ಲಿ, ಅಲ್ಲಿನವರೇ ತಮ್ಮತಮ್ಮಲ್ಲಿ ಕಾದಾಡುತ್ತಿದ್ದಾಗ, ಜಾಕ್‌ಮೆಲ್‌ಗೆ ಮುತ್ತಿಗೆ ಬಿದ್ದಿತ್ತು. ಒಳಗೆ ಜನ ಹಸಿವಿನಿಂದ ಸಾಯುತ್ತಿದ್ದರು. ಮರಿ-ಕ್ಲೇರ್ ಮುತ್ತಿಗೆ ಹಾಕಿದ್ದ ದೆಸಲೀನ್ ಅವರನ್ನೇ ಒಪ್ಪಿಸಿ, ಊಟ, ಬಟ್ಟೆ, ಔಷಧಿ ಹೊತ್ತ ಹೆಂಗಸರನ್ನು ಕರೆದುಕೊಂಡು ಊರೊಳಗೆ ಹೋದರಂತೆ. ಬೀದಿಯಲ್ಲೇ ಅಡುಗೆ ಮಾಡಿ ಬಡಿಸಿದರಂತೆ. ನಾಲ್ಕು ವರ್ಷದ ನಂತರದ ಆ ಸೂಪು ಎಲ್ಲಿಂದ ಬಂತು ಅಂತ ಇದನ್ನು ಕೇಳಿದ ಮೇಲೆ ನನಗೆ ಅರ್ಥವಾಯಿತು.

ಈಗ ಒಲೆಯ ಹತ್ತಿರ ಬನ್ನಿ. ಇದು ಕುಟ್ಟಾಣಿ, ಅವರು ಪಿಲೋನ್ ಅನ್ನುತ್ತಾರೆ. ಬೆಳ್ಳುಳ್ಳಿ, ಈರುಳ್ಳಿ ಸೊಪ್ಪು, ಪಾರ್ಸ್ಲಿ, ಥೈಮ್ ಎಲ್ಲಾ ಕುಟ್ಟಿ ಹಸಿರು ಮಸಾಲೆ ಮಾಡಿದ್ದಾರೆ. ಇದಕ್ಕೆ ಎಪಿಸ್ ಅಂತ ಹೆಸರು. ಮಾಂಸಕ್ಕೆ ಇದನ್ನು ಸವರಿ ರಾತ್ರಿಯೆಲ್ಲಾ ಇಟ್ಟಿದ್ದರು. ಬೇಯಿಸಿ ರುಬ್ಬಿದ ಕುಂಬಳಕಾಯಿ, ಎಲೆಕೋಸು, ಕ್ಯಾರೆಟ್, ಆಲೂಗಡ್ಡೆ, ಕೊನೆಗೆ ಪಾಸ್ತಾ. ಒಂದು ಗುಂಡು ಮೆಣಸಿನಕಾಯಿಯನ್ನು ಇಡಿಯಾಗಿ ಮೇಲೆ ತೇಲಿಬಿಡುತ್ತಾರೆ. ಘಮ ಬಿಡಬೇಕು, ಒಡೆಯಬಾರದು. ಒಡೆದರೆ ಇಡೀ ಪಾತ್ರೆ ಖಾರ. ಅದನ್ನು ಕಾಯುವ ಕೆಲಸ ಈ ವರ್ಷ ನನ್ನದು.

2021ರ ಡಿಸೆಂಬರ್‌ನಲ್ಲಿ ಯುನೆಸ್ಕೊ ಈ ಸೂಪನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಪಟ್ಟಿಗೆ ಹೈಟಿಯಿಂದ ಹೋದ ಮೊದಲನೆಯದು ಇದೇ. ಪಕ್ಕದ ಮಹಡಿಗಳಿಂದಲೂ ಕೂಗು ಕೇಳಿಸಿತ್ತು ಅವತ್ತು.

ಫ್ರಿಜ್ಜಿನ ಬಾಗಿಲ ಮೇಲೆ ಒಂದು ನೋಟು ಅಂಟಿಸಿದೆ, ನೋಡಿ. ಹೈಟಿಯ 10 ಗೂರ್ಡ್ ನೋಟು. ಇದರ ಮೇಲಿರುವ ಹೆಣ್ಣುಮಗಳು ಸಾನಿತೆ ಬೆಲೇರ್. ಮತಾಂತ್ ಮೊಮ್ಮಗಳು ಕುರ್ಚಿ ಎಳೆದುಕೊಂಡು ಕೂತಳು. ಅಜ್ಜಿ ‘ಕ್ರಿಕ್?’ ಅಂದರು. ಮೊಮ್ಮಗಳು ‘ಕ್ರಾಕ್!’ ಅಂದಳು. ಹೈಟಿಯಲ್ಲಿ ಕಥೆ ಶುರುವಾಗುವುದು ಹೀಗೆ. ಕೇಳುವವರು ಕ್ರಾಕ್ ಅನ್ನದೆ ಹೇಳುವವರು ಬಾಯಿ ಬಿಡುವುದಿಲ್ಲ.

ಸಾನಿತೆ ತೂಸಾಂ ಸೈನ್ಯದಲ್ಲಿ ಲೆಫ್ಟಿನೆಂಟ್. 1802ರಲ್ಲಿ ನೆಪೋಲಿಯನ್ ಕಳಿಸಿದ ಸೈನ್ಯ ಬಂದಾಗ ಗಂಡ ಶಾರ್ಲ್ ಜೊತೆ ಸೇರಿ ಬಂಡೆದ್ದಳು. ಇಬ್ಬರೂ ಸಿಕ್ಕಿಬಿದ್ದರು. ಅಕ್ಟೋಬರ್ 5ರಂದು ಇಬ್ಬರಿಗೂ ಮರಣದಂಡನೆ. ಗಂಡನಿಗೆ ಗುಂಡು. ಅವಳು ಹೆಂಗಸಾದ್ದರಿಂದ ತಲೆ ಕಡಿಯಬೇಕು ಅಂತ ತೀರ್ಪು. ಅವಳು ಒಪ್ಪಲಿಲ್ಲ. ನಾನು ಸೈನಿಕಳು, ಸೈನಿಕರ ಸಾವೇ ಬೇಕು ಅಂದಳು. ಕಣ್ಣಿಗೆ ಬಟ್ಟೆಯನ್ನೂ ಕಟ್ಟಿಸಿಕೊಳ್ಳಲಿಲ್ಲವಂತೆ. ಆಗ ಅವಳಿಗೆ ಇಪ್ಪತ್ತರ ಆಸುಪಾಸು. ಮೊಮ್ಮಗಳು ಈ ಕಥೆ ಎಷ್ಟೋ ಸಲ ಕೇಳಿದ್ದಾಳೆ. ಆದರೂ ಅಜ್ಜಿ ಬಟ್ಟೆಯ ಮಾತಿಗೆ ಬಂದಾಗ ಅವಳ ಕಣ್ಣು ನೋಟಿನ ಮೇಲೇ ಇತ್ತು.

ಧ್ವಜದ ಕಥೆಯೂ ಹೆಂಗಸಿನದೇ. 1803ರ ಮೇ 18, ಅರ್ಕಾಯೆ. ಫ್ರೆಂಚ್ ಬಾವುಟದ ನಡುವಿನ ಬಿಳಿಯನ್ನು ದೆಸಲೀನ್ ಹರಿದು ತೆಗೆದರಂತೆ. ಉಳಿದ ನೀಲಿ, ಕೆಂಪನ್ನು ಕೂಡಿಸಿ ಹೊಲಿದವಳು ಕಾತ್ರಿನ್ ಫ್ಲೋನ್ ಅನ್ನುತ್ತಾರೆ. ಹೈಟಿಯವರು ಇಂದಿಗೂ ಆ ದಿನವನ್ನೇ ಧ್ವಜದ ಹಬ್ಬವಾಗಿ ಆಚರಿಸುತ್ತಾರೆ.

ಸ್ವಾತಂತ್ರ್ಯದ ಬೆಲೆ ಅಲ್ಲಿಗೆ ಮುಗಿಯಲಿಲ್ಲ. 1825ರಲ್ಲಿ ಫ್ರಾನ್ಸ್ ಯುದ್ಧನೌಕೆ ತಂದು ನಿಲ್ಲಿಸಿ 15 ಕೋಟಿ ಫ್ರಾಂಕ್ ಪರಿಹಾರ ಕೇಳಿತು. ಆಮೇಲೆ ಅದು 9 ಕೋಟಿಗೆ ಇಳಿಯಿತು. ಗುಲಾಮರಾಗಿದ್ದವರೇ ದೊರೆಗಳಿಗೆ ಪರಿಹಾರ ಕೊಡಬೇಕಿತ್ತು! ಅದಕ್ಕಾಗಿ ಮಾಡಿದ ಸಾಲ ತೀರಿದ್ದು 1947ರಲ್ಲಿ. ಹೈಟಿ ಬಡದೇಶ ಅನ್ನುವ ಸುದ್ದಿ ಓದುವಾಗಲೆಲ್ಲಾ ನನಗೆ ಈ ಲೆಕ್ಕ ನೆನಪಾಗಿ ಹೊಟ್ಟೆ ಉರಿಯುತ್ತದೆ.

ಮತಾಂತ್ ಅವರ ತಾಯಿ ಮದಾನ್ ಸಾರಾ ಆಗಿದ್ದರು. ಇದು ಹೆಸರಲ್ಲ, ಕಸುಬು. ಹಳ್ಳಿಯಲ್ಲಿ ಬಾಳೆ, ಹುರುಳಿ, ಮಾವು ಕೊಂಡು, ಲಾರಿಯ ಮೂಟೆಗಳ ಮೇಲೆ ಕೂತು, ರಾಜಧಾನಿ ಪೋರ್ಟ್-ಓ-ಪ್ರಿನ್ಸ್‌ಗೆ ಒಯ್ದು ಮಾರುವ ಹೆಂಗಸರಿಗೆ ಹಾಗನ್ನುತ್ತಾರೆ. ಮದಾನ್ ಸಾರಾ ಅಲ್ಲಿನ ಒಂದು ಹಕ್ಕಿಯ ಹೆಸರು. ಹಳದಿ ಮೈ, ಕಪ್ಪು ತಲೆ, ಗುಂಪುಗುಂಪಾಗಿ ಬಂದು ಸದ್ದು ಮಾಡುತ್ತದೆ, ಎಲ್ಲಿದ್ದರೂ ಕಾಳು ಹುಡುಕಿ ತರುತ್ತದೆ. ಮತಾಂತ್ ಫೋನಿನಲ್ಲಿ ಚಿತ್ರ ತೋರಿಸಿದಾಗ ನಾನು ಒಂದು ಕ್ಷಣ ಸುಮ್ಮನಾದೆ. ನಮ್ಮ ಗೀಜಗದ ಹತ್ತಿರದ ನೆಂಟ ಅದು! ಅದೇ ತೂಗಾಡುವ ಗೂಡು. ಅದೂ ಆಫ್ರಿಕಾದಿಂದ ಹೈಟಿಗೆ ಬಂದ ಹಕ್ಕಿ.

ತಾಯಿ ಮಾರುತ್ತಿದ್ದುದು ಕ್ವಾ ಬೋಸಾಲ್ ಸಂತೆಯಲ್ಲಿ. ಹಿಂದೆ ಗುಲಾಮರ ಹೆಣಗಳನ್ನು ಹೂಳುತ್ತಿದ್ದ ಜಾಗ ಅದು. ಆ ನೆಲದ ಮೇಲೆ ಕೂತು, ತನ್ನ ಬುಟ್ಟಿಗೆ ತಾನೇ ಬೆಲೆ ಕಟ್ಟಿ, ಆ ದುಡ್ಡಿನಲ್ಲಿ ನಾಲ್ಕು ಮಕ್ಕಳನ್ನು ಓದಿಸಿದರು.

ಹೈಟಿಯಲ್ಲಿ ಒಂದು ಮಾತಿದೆ, ಹೆಂಗಸರು ಪೋತೋ ಮಿತಾನ್ ಅಂತ. ಅಲ್ಲಿನ ವೊಡೂ ಧರ್ಮದ ಗುಡಿಯ ನಟ್ಟನಡುವಿನ ಕಂಬ ಅದು. ನಮ್ಮ ಮಾತಲ್ಲಿ ನಡುಗಂಬ. ಕೇಳಲು ಹೊಗಳಿಕೆ. ಆದರೆ ಹೈಟಿಯ ಹೋರಾಟಗಾರ್ತಿಯರು ಎಷ್ಟೋ ಕಾಲದಿಂದ ಈ ಮಾತನ್ನು ಪ್ರಶ್ನಿಸುತ್ತಾ ಬಂದಿದ್ದಾರೆ. ನನಗೂ ಅವರ ಮಾತೇ ಸರಿ ಅನ್ನಿಸುತ್ತದೆ. ಕಂಬ ಹೊರಬೇಕು ಅಷ್ಟೇ. ದಣಿವಾಯ್ತು ಅಂತ ಪಕ್ಕಕ್ಕೆ ಸರಿದು ಕೂರುವ ಹಾಗಿಲ್ಲ, ಅಲ್ವಾ? ಮಾಡು ಹೇಗಿರಬೇಕು ಅಂತ ಕಂಬವನ್ನು ಯಾರೂ ಕೇಳುವುದೂ ಇಲ್ಲ.

ಕೇಳದಿದ್ದರೂ ಹೇಳಿದವರು ಇದ್ದರು. 1934ರಲ್ಲಿ ಮದ್ಲೆನ್ ಸಿಲ್ವೇನ್ ಮತ್ತು ಗೆಳತಿಯರು ಹೆಂಗಸರ ಸಂಘ ಕಟ್ಟಿದರು. ಮರುವರ್ಷ ‘ಹೆಂಗಸರ ದನಿ’ ಅನ್ನುವ ಅರ್ಥದ ಪತ್ರಿಕೆ ತಂದರು. 1950ರ ಸಂವಿಧಾನದಲ್ಲಿ ಮತದ ಹಕ್ಕು ಸಿಕ್ಕಿತು, ಮತ ಹಾಕಿದ್ದು 1957ರಲ್ಲಿ. ಆ ಚುನಾವಣೆಯಲ್ಲೇ ಗೆದ್ದು ಬಂದವನು ಸರ್ವಾಧಿಕಾರಿ ದುವಾಲಿಯೆ. 1958ರ ಜನವರಿಯ ಒಂದು ರಾತ್ರಿ ಪತ್ರಕರ್ತೆ ಇವೋನ್ ಹಕೀಂ-ರಿಂಪೆಲ್ ಅವರನ್ನು ಮುಸುಕುಧಾರಿಗಳು ಮನೆಯಿಂದ ಎಳೆದೊಯ್ದು, ಸಾಯುವಂತೆ ಹೊಡೆದು ಬೀದಿಯಲ್ಲಿ ಬಿಸಾಡಿದರು. ಅವರು ಬದುಕಿದರು. ಅವರು ನಡೆಸುತ್ತಿದ್ದ ಪತ್ರಿಕೆ ನಿಂತುಹೋಯಿತು.

ದುವಾಲಿಯೆ ನಂತರ ಗದ್ದುಗೆ ಹಿಡಿದ ಅವನ ಮಗ ದೇಶ ಬಿಟ್ಟು ಓಡಿಹೋದದ್ದು 1986ರ ಫೆಬ್ರವರಿ 7ರಂದು. ಎರಡು ತಿಂಗಳೂ ಆಗಿರಲಿಲ್ಲ. ಏಪ್ರಿಲ್ 3ರಂದು ರಾಜಧಾನಿಯ ಬೀದಿಗೆ 30,000ಕ್ಕೂ ಜಾಸ್ತಿ ಹೆಂಗಸರು ಇಳಿದರು. ಆ ಅಲೆಯಿಂದ ಬಂದ ಮೂವರ ಹೆಸರು ಮತಾಂತ್ ಪ್ರತಿ ಜನವರಿಯಲ್ಲಿ ಹೇಳುತ್ತಾರೆ. ಮಿರಿಯಮ್ ಮೆರ್ಲೆ. ಮಗಾಲಿ ಮಾರ್ಸ್ಲೇನ್. ಆನ್ ಮರಿ ಕೊರಿಯೊಲಾನ್. 2005ರವರೆಗೆ ಹೈಟಿಯ ಕಾನೂನಿನಲ್ಲಿ ಅತ್ಯಾಚಾರ ಅನ್ನುವುದು ಮಾನಕ್ಕೆ ಸಂಬಂಧಿಸಿದ ತಪ್ಪು ಮಾತ್ರ. ಅದನ್ನು ಗಂಭೀರ ಅಪರಾಧ ಅನ್ನಿಸುವುದಕ್ಕೆ ದುಡಿದವರಲ್ಲಿ ಇವರಿದ್ದರು. 2010ರ ಜನವರಿ 12ರ ಭೂಕಂಪದಲ್ಲಿ ಮೂವರೂ ಹೋದರು.

ಹೊರದೇಶದಲ್ಲೂ ಸುಮ್ಮನೆ ಕೂತವರಲ್ಲ ಇವರು. ಮತಾಂತ್ ಇಲ್ಲಿ ವೃದ್ಧಾಶ್ರಮದಲ್ಲಿ ರೋಗಿಗಳ ಆರೈಕೆ ಮಾಡುತ್ತಿದ್ದರು. 1990ರಲ್ಲಿ ಅಮೆರಿಕದ ಸರ್ಕಾರ, ಏಡ್ಸ್ ಹೆಸರು ಹೇಳಿ, ಹೈಟಿಯವರ ರಕ್ತ ತೆಗೆದುಕೊಳ್ಳಬೇಡಿ ಅಂದಿತು. ‘ಹಗಲೆಲ್ಲಾ ಅವರ ತಾಯಂದಿರನ್ನು ಎತ್ತಿ ಸ್ನಾನ ಮಾಡಿಸುವ ಕೈ ಇದು, ನನ್ನ ರಕ್ತ ಮಾತ್ರ ಬೇಡವಾಯ್ತು’ ಅಂತ ಈಗಲೂ ದನಿ ಏರುತ್ತದೆ. ಏಪ್ರಿಲ್ 20ರಂದು ಐವತ್ತು ಸಾವಿರಕ್ಕೂ ಹೆಚ್ಚು ಜನ ಬ್ರೂಕ್ಲಿನ್ ಸೇತುವೆ ದಾಟಿ ನಡೆದರು. ಮತಾಂತ್ ಕೆಲಸದ ಬಟ್ಟೆಯಲ್ಲೇ ಹೋಗಿದ್ದರು. ಆ ವರ್ಷ ಮುಗಿಯುವ ಮೊದಲು ಸರ್ಕಾರ ನಿಯಮ ಹಿಂದಕ್ಕೆ ತೆಗೆದುಕೊಂಡಿತು.

ಈಗ ಫೋನ್ ಬಂತು. ಜಾಕ್‌ಮೆಲ್‌ನಿಂದ ತಂಗಿ. ಅವರ ಮಗಳ ಸಂಸಾರವೂ ಈಗ ಅಲ್ಲೇ ಇದೆ. ರಾಜಧಾನಿಯ ಹೆಚ್ಚಿನ ಭಾಗ ಗ್ಯಾಂಗುಗಳ ಕೈಯಲ್ಲಿದೆ. ಮನೆ ಬಿಟ್ಟು ಓಡಿದವರ ಸಂಖ್ಯೆ 2025ರ ಆರಂಭಕ್ಕೇ 10 ಲಕ್ಷ ದಾಟಿತ್ತು. ಸಂತೆಗೆ ಹೋಗುವ ದಾರಿಯಲ್ಲಿ ಬಂದೂಕು ಹಿಡಿದವರಿಗೆ ಸುಂಕ ಕೊಡಬೇಕು. ಕುಂಬಳಕಾಯಿ ಸಿಗುವುದೇ ಕಷ್ಟವಾಗಿತ್ತಂತೆ. ಮತಾಂತ್ ಕಳಿಸಿದ ದುಡ್ಡಿನಲ್ಲಿ ಒಂದು ಸಿಕ್ಕಿದೆ.

ಇಬ್ಬರೂ ಮೊದಲು ಕೇಳಿದ್ದು ಒಂದೇ ಮಾತು. ‘ಊ ಬ್ವೆ ಸೂಪ್ ಲಾ?’ ಸೂಪು ಕುಡಿದೆಯಾ? ಪರದೆಯ ಆ ಕಡೆ ಇದ್ದಿಲ ಒಲೆ, ಅದರ ಮೇಲೆ ಮಸಿ ಹಿಡಿದ ಪಾತ್ರೆ. ಈ ಕಡೆ ಗ್ಯಾಸ್ ಒಲೆ. ಅಕ್ಕ ತಂಗಿ ಇಬ್ಬರೂ ಸೌಟು ಎತ್ತಿ ಬಣ್ಣ ತೋರಿಸಿಕೊಂಡರು. ತಂಗಿ ಏನೋ ಹೇಳಿ ನಕ್ಕರು, ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಮತಾಂತ್ ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿಟ್ಟು, ಅದು ಮತ್ತೆ ಹೊಡೆದುಕೊಳ್ಳಲಿ ಅಂತ ನೋಡುತ್ತಾ ನಿಂತರು. ಆಮೇಲೆ ನನ್ನ ಕಡೆ ತಿರುಗಿದರು.

‘ಮೆಣಸಿನಕಾಯಿ ತೆಗೆ, ಪಿತಿತ್ ಮ್ವೆ. ಡಬ್ಬಿ ತುಂಬೋಣ. ಮೂರನೇ ಮಹಡಿಗೆ ಹೊಸಬರು ಬಂದಿದ್ದಾರೆ.’